ಮೂವತ್ತಮೂರನೇ ಪುಟ

ಡಿಸೆಂಬರ್. ಸಂಜೆ ಐದೂವರೆ. ಉತ್ತರದ ಈ ಹಿಮದ ನಾಡಿನಲ್ಲಿ ಆ ಹೊತ್ತಿಗೆ ಪೂರ್ತಿ ಕತ್ತಲು.

ರೇನೋ ಒಬ್ಬನೇ ನಡೆದು ಹೋಗುತ್ತಿದ್ದ. ಕಂಕುಳಲ್ಲಿ ಒಂದು ದಪ್ಪ ಪುಸ್ತಕ. ಗ್ರಂಥಾಲಯಕ್ಕೆ ವಾಪಸು ಹಾಕಬೇಕಿತ್ತು. ದಾರಿ ಹಳೆಯ ಗಣಿಬಾವಿಯ ಬೇಲಿಯನ್ನು ಒತ್ತಿಕೊಂಡೇ ಹೋಗುತ್ತದೆ. ಬಾವಿಯ ಬಾಯಿಗೆ ಕಾಂಕ್ರೀಟ್ ಮುಚ್ಚಿ ಐವತ್ತು ವರ್ಷವಾಯಿತು. ಆದರೂ ಒಳಗಿನಿಂದ ಬೆಚ್ಚನೆಯ ಗಾಳಿ ಬರುತ್ತದೆ. ಅಲ್ಲಿ ಹಿಮ ನಿಲ್ಲುವುದಿಲ್ಲ.

ಬೂಟಿನ ಕೆಳಗೆ ಹಿಮ ಕರ್... ಕರ್... ಅನ್ನುತ್ತಿತ್ತು. ಬೇರೆ ಸದ್ದಿಲ್ಲ.

ಬೇಲಿಯ ಮೂಲೆಗೆ ಬಂದ. ಆಗ ಕೇಳಿಸಿತು.

ಪುಸ್... ಠಕ್. ಪುಸ್... ಠಕ್.

ರೇನೋ ನಿಂತ. ಕಾಲಿನ ಸದ್ದು ನಿಂತಿತು. ಆ ಸದ್ದು ನಿಲ್ಲಲಿಲ್ಲ.

ಅದು ಯಾವ ಸದ್ದು ಅಂತ ಅವನಿಗೆ ಗೊತ್ತಿತ್ತು. ನಿಮಗೆ ಗೊತ್ತಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ನೀವೆಲ್ಲ ಇವತ್ತು ಇದನ್ನು ಓದಿ, ಅದನ್ನು ಓದಿ ಅಂತ ಒಬ್ಬರಿಗೊಬ್ಬರು ಪುಸ್ತಕ ಹೇಳಿದಿರಿ. ಈ ಗ್ರಂಥಾಲಯದಲ್ಲಿ ಗುರುವಾರದ ಕೂಟ ಇರುವುದೇ ಅದಕ್ಕೆ. ಒಬ್ಬರು ಬೀಗ ಹಾಕಿದ ಮನೆಯೊಳಗಿನ ಕೊಲೆಯ ಕತೆ ಹೇಳಿದರು. ಇನ್ನೊಬ್ಬರು ನೆರಳನ್ನು ಮಾರಿಕೊಂಡ ರಾಜಕುಮಾರನದು. ಕೇಳಿದೆ, ಚೆನ್ನಾಗಿಯೇ ಇವೆ. ಆಮೇಲೆ ನಮ್ಮ ಹೊಸ ಗ್ರಂಥಪಾಲಕಿ ಡೀನಾ ನನ್ನ ಕಡೆ ತಿರುಗಿದಳು. "ಆರ್ವೋ ಅವರೇ, ನೀವೂ ಒಂದು ಹೇಳಿ. ರಾತ್ರಿ ನಿದ್ದೆ ಕೆಡಿಸೋ ಅಂಥದ್ದು."

ನಾನು ಪುಸ್ತಕ ಹೇಳುವುದನ್ನು ಬಿಟ್ಟಿದ್ದೇನೆ. ಯಾಕೆ ಅಂತ ಹೇಳುತ್ತೇನೆ. ಒಂದೇ ಸಲ. ಗಾರ್ಡನ್, ನೀನು ಆ ಬ್ರೆಡ್ಡಿನ ಪೊಟ್ಟಣ ಪರಪರ ಅನ್ನಿಸುವುದನ್ನು ನಿಲ್ಲಿಸು.

ರೇನೋ ನನ್ನ ಚಿಕ್ಕಪ್ಪನ ಮಗ. ಪಕ್ಕದ ಮನೆ. ಪಕ್ಕದ ಊರಿನ ಗಣಿಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ. ಇನ್ನು ಲೆಂಪಿ, ನಮ್ಮೂರಲ್ಲೇ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಗಟ್ಟಿ ಹೆಂಗಸು. ಈ ಕೂಟ ಕಟ್ಟಿದ್ದೇ ಅವಳು. ನಿಯಮ ಎರಡೇ ಇಟ್ಟಳು. ಕೊನೆ ಏನಾಯಿತು ಅಂತ ಯಾರಿಗೂ ಹೇಳಬಾರದು. ಓದಿ ಮುಗಿಸದ ಪುಸ್ತಕವನ್ನು ಇನ್ನೊಬ್ಬರಿಗೆ ಹೇಳಬಾರದು.

ಇನ್ನೊಂದು ಪದ್ಧತಿಯೂ ಇತ್ತು. ಡೀನಾ, ನಿನಗೆ ಸಿಟ್ಟು ಬರುತ್ತದೆ. ನಾವು ಹಳಬರು ಪುಸ್ತಕಕ್ಕೆ ಗುರುತು ಹಾಕುತ್ತೇವೆ. ಈ ವಯಸ್ಸಿಗೆ ಯಾವುದು ಓದಿದ್ದು, ಯಾವುದು ಓದದ್ದು ಅಂತ ನೆನಪಿರುವುದಿಲ್ಲ. ಅದಕ್ಕೆ ಮೂವತ್ತಮೂರನೇ ಪುಟ. ಪುಟದ ಅಂಕಿಯ ಕೆಳಗೆ ಪೆನ್ಸಿಲಿನಲ್ಲಿ ಒಂದು ಚಿಕ್ಕ ಗುರುತು. ಕೊನೆಯ ಪುಟ ಓದಿದ ಮೇಲೇ ಹಾಕಬೇಕು, ಅದಕ್ಕೆ ಮೊದಲಲ್ಲ. ರೇನೋನದು ಒಂದು ಅಡ್ಡಗೆರೆ. ಲೆಂಪಿಯದು ಮೀನಿನ ಗಾಳದ ಕೊಕ್ಕೆ, ಹಸಿರು ಪೆನ್ಸಿಲಿನಲ್ಲಿ.

ರೇನೋ ಯಾವ ಪುಸ್ತಕ ತೆರೆದರೂ ಅಲ್ಲಿ ಹಸಿರು ಕೊಕ್ಕೆ ಮೊದಲೇ ಇರುತ್ತಿತ್ತು. ಅವನ ಗೆರೆ ಯಾವಾಗಲೂ ಅದರ ಕೆಳಗೆ.

"ಏನೋ ರೇನೋ, ನನ್ನ ಎಂಜಲು ಓದ್ತಾ ಇದೀಯಾ?" ಅನ್ನುತ್ತಿದ್ದಳು ಲೆಂಪಿ.

"ನಿಂಗೇನು ಬೇರೆ ಕೆಲ್ಸ ಇಲ್ಲ, ಬಸ್ಸಲ್ಲೇ ಕೂತು ಓದ್ತೀಯ."

"ಮಕ್ಕಳು ಹತ್ತೋವರೆಗೆ ಹತ್ತು ಪುಟ. ಇಳಿಯೋವರೆಗೆ ಹತ್ತು ಪುಟ. ನಿನ್ನ ಕೈಲಾಗುತ್ತಾ?"

ನಗುತ್ತಿದ್ದ. ಆದರೆ ಅದು ಅವನಿಗೆ ಚುಚ್ಚುತ್ತಿತ್ತು. ನನಗೆ ಗೊತ್ತಿತ್ತು.

ಅವನ ಹೆಂಡತಿ ತೀರಿಕೊಂಡ ಚಳಿಗಾಲ, ರೇನೋ ಬಾಗಿಲು ಹಾಕಿಕೊಂಡು ಕೂತುಬಿಟ್ಟ. ಊಟ ಇಲ್ಲ, ಒಲೆಗೆ ಸೌದೆ ಇಲ್ಲ. ನಾನು ಕರೆದರೂ ಬಾಗಿಲು ತೆಗೆಯಲಿಲ್ಲ. ಲೆಂಪಿ ಬಂದಳು. ಕಿಟಕಿಯಿಂದ ಒಳಕ್ಕೆ ಒಂದು ಪುಸ್ತಕ ಎಸೆದಳು. "ಇದನ್ನ ಓದು. ಸಾಯೋಕೆ ಪುರಸೊತ್ತು ಸಿಗಲ್ಲ."

ಅದು ಏಳು ಸಂಪುಟಗಳ ಕತೆಯ ಮೊದಲನೆಯದು. ದೋಣಿ ನಡೆಸುವ ಒಬ್ಬಳು ಹೆಂಗಸು. ಸತ್ತವರ ನದಿಗೆ ಇಳಿದು, ತನ್ನ ತಮ್ಮನನ್ನು ವಾಪಸು ಕರೆತರಲು ಹೋಗುತ್ತಾಳೆ. ರೇನೋ ಮಾರ್ಚ್‌ವರೆಗೆ ಅದನ್ನೇ ಓದಿದ. ಬದುಕಿಕೊಂಡ. ಇಬ್ಬರೂ ಆರು ಸಂಪುಟ ಮುಗಿಸಿದರು. ಏಳನೆಯದು ಬರಲಿಲ್ಲ. ಬರೆದವರು ಹನ್ನೆರಡು ವರ್ಷ ಕಾಯಿಸಿದರು.

ಅಷ್ಟರಲ್ಲಿ ಲೆಂಪಿಯ ಶ್ವಾಸಕೋಶ ಕೆಟ್ಟಿತು. ಮೂಗಿಗೆ ನಳಿಗೆ ಬಂತು. ಕುರ್ಚಿಯ ಪಕ್ಕ ಉಸಿರಿನ ಯಂತ್ರ ಬಂತು. ಪುಸ್... ಠಕ್. ಪುಸ್... ಠಕ್. ಹಗಲೂ ರಾತ್ರಿಯೂ ಅದೇ ಸದ್ದು. ಅವಳು ಮನೆ ಬಿಟ್ಟು ಹೊರಗೆ ಬರುವಂತಿರಲಿಲ್ಲ. ಪುಸ್ತಕ ಒಯ್ದು ಕೊಡುವ ಕೆಲಸ ರೇನೋ ತಾನೇ ಕೇಳಿ ವಹಿಸಿಕೊಂಡ.

ಆ ನವೆಂಬರಿನಲ್ಲಿ ಏಳನೆಯದು ಬಂತು. ನಮ್ಮ ಗ್ರಂಥಾಲಯಕ್ಕೆ ಒಂದೇ ಪ್ರತಿ. ಸರದಿಯ ಚೀಟಿಯಲ್ಲಿ ಮೊದಲ ಹೆಸರು ಲೆಂಪಿಯದು. ಎರಡನೆಯದು ರೇನೋನದು.

ಅವನು ಅದನ್ನು ತೆಗೆದುಕೊಂಡು ಅವಳ ಮನೆಗೆ ಹೊರಟ. ದಾರಿಯಲ್ಲಿ ಅವನ ಮನೆ. ಒಳಗೆ ಹೋದ. ಒಂದು ಪುಟ ನೋಡೋಣ ಅಂದುಕೊಂಡ. ಒಂದೇ ಪುಟ.

ಮಾರನೆ ದಿನ ಅವಳ ಮನೆಗೆ ಹೋದ. ಬರಿಗೈ.

"ಬಂತೇನೋ?" ಲೆಂಪಿ ಕೇಳಿದಳು.

"ಇನ್ನೂ ಇಲ್ಲ."

ಹತ್ತೊಂಬತ್ತು ದಿನ ಹಾಗೇ ಹೇಳಿದ. ಒಂಬೈನೂರು ಪುಟದ ಪುಸ್ತಕ, ಅವನದು ನಿಧಾನದ ಓದು. ದಿನಾ ಹೋಗುತ್ತಿದ್ದ, ಏಲಕ್ಕಿ ಬ್ರೆಡ್ಡು ಕೊಡುತ್ತಿದ್ದ, ಅವಳಿಗಾಗಿ ಒಲೆ ಹೊತ್ತಿಸುತ್ತಿದ್ದ, ಸುಳ್ಳು ಹೇಳಿ ಬರುತ್ತಿದ್ದ. ಒಮ್ಮೆ ನಾನೂ ಜೊತೆಗಿದ್ದೆ. ನನಗೂ ಪುಸ್ತಕ ಬಂದಿಲ್ಲ ಅಂತಲೇ ಹೇಳಿದ್ದ.

ಅವತ್ತು ಲೆಂಪಿಗೆ ಮಾತಾಡಲು ಉಸಿರು ಸಾಲುತ್ತಿರಲಿಲ್ಲ. "ನಿಂಗೇನನ್ಸುತ್ತೋ... ತಮ್ಮನ್ನ ಕರ್ಕೊಂಡು ಬರ್ತಾಳಾ?"

"ಓದಿದ್ರೆ ತಾನೇ ಗೊತ್ತಾಗೋದು," ಅಂದ ರೇನೋ.

ಅವಳು ನಕ್ಕಳು. "ನಿಯಮ ನಂಗೇ ಹೇಳ್ಕೊಡ್ತಾನೆ ನೋಡು, ಆರ್ವೋ."

ಹತ್ತೊಂಬತ್ತನೇ ರಾತ್ರಿ ರೇನೋ ಕೊನೆಯ ಪುಟ ಮುಗಿಸಿದ. ಮೂವತ್ತಮೂರನೇ ಪುಟ ತೆರೆದ. ಅಲ್ಲಿ ಏನೂ ಇರಲಿಲ್ಲ, ಬಿಳಿ ಕಾಗದ. ಗೆರೆ ಎಳೆದ. ಒತ್ತಿ ಎಳೆದ. ಸಂತೋಷವಾಯಿತು ಅಂತ ಆಮೇಲೆ ನನಗೆ ಹೇಳಿದ.

ಬೆಳಿಗ್ಗೆ ಪುಸ್ತಕ ಹಿಡಿದುಕೊಂಡು ಲೆಂಪಿಯ ಮನೆಗೆ ಓಡಿದ. ಬಾಗಿಲು ತೆಗೆದದ್ದು ಅವಳ ತಂಗಿಯ ಮಗಳು. ಯಂತ್ರದ ಸದ್ದು ಇರಲಿಲ್ಲ.

ನಮ್ಮ ಕಡೆ ಡಿಸೆಂಬರಿನಲ್ಲಿ ನೆಲ ಕಲ್ಲಾಗಿರುತ್ತದೆ. ಅಗೆಯಲಾಗುವುದಿಲ್ಲ. ಚಳಿಗಾಲದಲ್ಲಿ ಸತ್ತವರನ್ನು ಸ್ಮಶಾನದ ಕಲ್ಲಿನ ಕೋಣೆಯಲ್ಲಿ ಇಟ್ಟು, ಮೇ ತಿಂಗಳಲ್ಲಿ ಹೂಳುತ್ತೇವೆ. ಲೆಂಪಿಯನ್ನೂ ಅಲ್ಲಿಟ್ಟೆವು. ಕಾಯುವುದು ಅವಳಿಗೆ ಹೊಸದೇನಲ್ಲ.

ಆಮೇಲೆ ಆರನೇ ದಿನ ರೇನೋ ಪುಸ್ತಕ ವಾಪಸು ಹಾಕಲು ಹೊರಟ. ಅದೇ ನಾನು ಮೊದಲು ಹೇಳಿದ ಸಂಜೆ. ಬೇಲಿಯ ಮೂಲೆ.

ಪುಸ್... ಠಕ್. ಪುಸ್... ಠಕ್.

ಬೇಲಿಯ ಆಚೆಯಿಂದ ಬರುತ್ತಿತ್ತು. ಹಿಮ ನಿಲ್ಲದ ಆ ಜಾಗದಿಂದ. ಆಮೇಲೆ ಪಿಸುಮಾತು. ತೀರಾ ಹತ್ತಿರ.

"ಬಂತೇನೋ?"

ರೇನೋ ಏನು ಹೇಳಿದ ಗೊತ್ತಾ... ಹತ್ತೊಂಬತ್ತು ದಿನದ ರೂಢಿ. ಬಾಯಿ ತಾನಾಗಿ ಹೇಳಿಬಿಟ್ಟಿತು.

"ಇನ್ನೂ ಇಲ್ಲ."

ಪುಸ್ತಕ ಕಂಕುಳಲ್ಲೇ ಇತ್ತು.

ವಾಪಸು ಓಡಿ ಬಂದು ನನ್ನ ಬಾಗಿಲು ಬಡಿದ. ಎಲ್ಲವನ್ನೂ ಹೇಳಿದ್ದು ಆಗ. ದೆವ್ವವನ್ನು ಆಗ ನಾನು ನಂಬಲಿಲ್ಲ. ಮಿಕ್ಕದ್ದನ್ನು ನಂಬಿದೆ. ಅವನಿಗೆ ಕಾಫಿ ಕೊಡಲು ನನಗೆ ಮನಸ್ಸು ಬರಲಿಲ್ಲ.

"ನಾಳೆ ಹೋಗು. ನಿಜ ಹೇಳು," ಅಂದೆ.

"ನೀನೂ ಬಾರೋ."

ಹೋದೆ. ಅವನಿಗಾಗಿ ಅಲ್ಲ.

ಮಾರನೆ ಸಂಜೆ, ಅದೇ ಹೊತ್ತು. ಗಾಳಿ ಇರಲಿಲ್ಲ. ಮೂಲೆಯಲ್ಲಿ ನಿಂತೆವು. ಬಹಳ ಹೊತ್ತು ಏನೂ ಇಲ್ಲ. ಹೋಗೋಣ ಅನ್ನುವಷ್ಟರಲ್ಲಿ... ಪುಸ್... ಠಕ್.

ನನಗೂ ಕೇಳಿಸಿತು. ಈ ಎರಡು ಕಿವಿಯಿಂದ ಕೇಳಿದ್ದು.

ಪಿಸುಮಾತು ನನಗೆ ಕೇಳಿಸಲಿಲ್ಲ. ಅವನಿಗೆ ಕೇಳಿಸಿತು. ಬೇಲಿಯ ತಂತಿ ಹಿಡಿದುಕೊಂಡ. ಅವನ ಹಿಡಿತಕ್ಕೆ ತಂತಿ ಕಿರ್ ಅಂದಿತು.

"ಬಂತು ಲೆಂಪಿ. ನನ್ನ ಹತ್ರಾನೇ ಇತ್ತು. ನಾನೇ ಮೊದ್ಲು ಓದ್ದೆ."

ಯಂತ್ರ ನಿಂತಿತು. ಪುಸ್ ಅಂದದ್ದು ಠಕ್ ಅನ್ನಲಿಲ್ಲ.

ಆಮೇಲೆ ಇನ್ನೊಂದು ಸದ್ದು. ಲೆಂಪಿ ಪುಟ ತಿರುವುವ ಮುಂಚೆ ಬೆರಳು ನೆಕ್ಕುತ್ತಿದ್ದಳು. ಕೂಟದಲ್ಲಿ ಅದಕ್ಕೆ ಎಲ್ಲರೂ ಅವಳನ್ನು ಬೈಯುತ್ತಿದ್ದೆವು. ಚ್... ಸರ್. ಒಂದು ಸಲ. ಒಂದೇ ಒಂದು ಪುಟ.

ರೇನೋ ಪುಸ್ತಕವನ್ನು ಗ್ರಂಥಾಲಯದ ಹೊರಗಿನ ವಾಪಸು ಡಬ್ಬಿಗೆ ಹಾಕಿದ. ಧಡ್ ಅಂದಿತು. ಮನೆಗೆ ಬಂದೆವು.

ಬೆಳಿಗ್ಗೆ ನಾನು ಗ್ರಂಥಾಲಯಕ್ಕೆ ಹೋಗಿ ಆ ಪುಸ್ತಕ ತೆಗೆದು ನೋಡಿದೆ. ಮೂವತ್ತಮೂರನೇ ಪುಟ. ಹಸಿರು ಕೊಕ್ಕೆ ಇತ್ತು. ಗೆರೆ ಇರಲಿಲ್ಲ. ಅಳಿಸಿದ ಗುರುತೂ ಇಲ್ಲ. ಒತ್ತಿ ಎಳೆದಿದ್ದೆ ಅಂದಿದ್ದನಲ್ಲ, ಹೆಬ್ಬೆರಳಿಂದ ಸವರಿ ನೋಡಿದೆ. ಕಾಗದ ನುಣ್ಣಗಿತ್ತು.

ಆ ಮಧ್ಯಾಹ್ನ ರೇನೋ ಬಂದ. ಮುಖ ಬೂದಿಯಾಗಿತ್ತು.

"ಆರ್ವೋ, ಒಂದು ಕೇಳ್ಲಾ? ಕೊನೇಲಿ ಏನಾಯ್ತು ಅಂತ ನೆನಪಿಲ್ಲ ಕಣೋ. ಎಷ್ಟು ಯೋಚ್ನೆ ಮಾಡಿದ್ರೂ ಬರ್ತಿಲ್ಲ. ಅವಳು ತಮ್ಮನ್ನ ಕರ್ಕೊಂಡು ಬಂದ್ಳಾ?"

"ಮತ್ತೆ ಓದು."

ತಂದು ಓದಿದ. ಕೊನೆಯ ಅಧ್ಯಾಯಕ್ಕೆ ಬಂದು ನಿಂತ. ಪುಸ್ತಕ ತಂದು ನನ್ನ ಮುಂದೆ ಹಿಡಿದ. "ಇಲ್ಲಿ ಅಚ್ಚೇ ಇಲ್ಲ. ನೋಡು. ಖಾಲಿ."

ನೋಡಿದೆ. ಅಚ್ಚು ಇತ್ತು. ಪುಟ ತುಂಬ ಇತ್ತು.

ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣು ಸರಿಯಿದೆ ಅಂದರು. ಬೇರೆ ಪುಸ್ತಕ ತಂದ. ಕೊಲೆಯದು, ಬೇಹುಗಾರರದು, ಮಂತ್ರವಾದಿಗಳದು. ಆ ಚಳಿಗಾಲ ಬಂದ ಹೊಸವೆಲ್ಲ. ಗ್ರಂಥಾಲಯದಲ್ಲಿ ಪುಸ್ತಕದ ಪೆಟ್ಟಿಗೆ ಬಿಚ್ಚಿದ ದಿನವೇ ಮೊದಲಿಗನಾಗಿ ತರುತ್ತಿದ್ದ. ಈಗ ಅವನಿಗಿಂತ ಮುಂಚೆ ಓದುವವರು ಯಾರೂ ಇರಲಿಲ್ಲವಲ್ಲ. ಕೊಲೆಗಾರ ಯಾರು ಅಂತ ಪತ್ತೇದಾರ ಬಾಯಿ ತೆರೆಯುವವರೆಗೆ ಅಕ್ಷರ ಕಾಣುತ್ತಿತ್ತಂತೆ. ಆಮೇಲೆ ಬಿಳಿ. ಪ್ರತಿಯೊಂದರಲ್ಲೂ.

ಫೆಬ್ರವರಿಯಲ್ಲಿ ಒಂದು ರಾತ್ರಿ ಬಂದು ನನ್ನ ಅಡುಗೆಮನೆಯಲ್ಲಿ ಕೂತ. ತೂಕ ಇಳಿದಿತ್ತು. ದೋಣಿಯವಳ ಪುಸ್ತಕವನ್ನು ಮೇಜಿನ ಮೇಲಿಟ್ಟ.

"ನೀನು ಓದಿದೀಯ ತಾನೇ?"

"ಓದಿದೀನಿ."

"ಇದೊಂದರದ್ದು ಹೇಳ್ಬಿಡೋ. ಒಂದೇ ಮಾತು. ಬಂದ್ಳೋ, ಇಲ್ವೋ. ನಿನ್ನ ಕಾಲು ಹಿಡ್ಕೋತೀನಿ."

ಚಿಕ್ಕಪ್ಪನ ಮಗ. ಒಂದೇ ಸೌನಾದ ಬಿಸಿ ಹಬೆಯಲ್ಲಿ ಮೈ ಕಾಯಿಸಿಕೊಂಡು ಬೆಳೆದವರು ನಾವು. ಒಂದು ಮಾತು ಸಾಕಿತ್ತು.

ನಾನು ಏನು ಹೇಳಿದೆ ಅಂತ ಹೇಳುತ್ತೇನೆ. ಯಾರಿಗೂ ಹೇಳಿಲ್ಲ.

"ಓದಿದ್ರೆ ತಾನೇ ಗೊತ್ತಾಗೋದು," ಅಂದೆ.

ಅವನು ತಲೆಯೆತ್ತಿ ನನ್ನನ್ನು ನೋಡಿದ. ಪುಸ್ತಕ ತೆಗೆದುಕೊಂಡ. ಹೋದ. ಮೆಟ್ಟಿಲಿಳಿದದ್ದು ಕೇಳಿಸಿತು. ಹಿಮ ಕರ್... ಕರ್... ಅವನ ಹಿಂದೆ ಇನ್ನೇನೋ ಕೇಳಿಸಿತು. ನಾನು ಕಿಟಕಿಯ ಹತ್ತಿರ ಹೋಗಲಿಲ್ಲ.

ಮಾರ್ಚ್‌ನಲ್ಲಿ ರೇನೋ ಹೋದ. ಹೃದಯ ನಿಂತಿತು ಅಂದರು. ಅವನನ್ನೂ ಅದೇ ಕಲ್ಲಿನ ಕೋಣೆಯಲ್ಲಿ ಇಟ್ಟೆವು, ಲೆಂಪಿಯ ಪಕ್ಕಕ್ಕೆ. ಬೇರೆ ಜಾಗ ಇರಲಿಲ್ಲ. ಮೇ ತಿಂಗಳವರೆಗೆ ಇಬ್ಬರೂ ಅಲ್ಲಿದ್ದರು.

ಇಲ್ಲ ಡೀನಾ, ಕತೆ ಕಟ್ಟಿಲ್ಲ. ಅವನ ಮನೆ ಖಾಲಿ ಮಾಡಿದವನು ನಾನೇ. ಹಾಸಿಗೆಯ ಪಕ್ಕ ಹನ್ನೊಂದು ಪುಸ್ತಕ ಇದ್ದವು. ಹನ್ನೊಂದೂ ಲೆಂಪಿ ಸತ್ತ ಮೇಲೆ ಅಚ್ಚಾಗಿ ಬಂದವು. ರೇನೋ ಬಿಟ್ಟರೆ ಯಾರೂ ಮುಟ್ಟಿರಲಿಲ್ಲ. ಹನ್ನೊಂದರಲ್ಲೂ ಕೊನೆಯ ಅಧ್ಯಾಯದ ಹತ್ತಿರ ಚೀಟಿ ಇಟ್ಟಿದ್ದ. ನಾನೇ ಎರಡು ಚೀಲದಲ್ಲಿ ತಂದು ಇಲ್ಲಿಗೆ ವಾಪಸು ಕೊಟ್ಟೆ. ಮಹಡಿಯಲ್ಲಿ ಕಿಟಕಿಯ ಪಕ್ಕದ ಕಪಾಟು, ಕೆಳಗಿನ ಸಾಲು. ಯಾವುದನ್ನು ಬೇಕಾದರೂ ತೆಗೆದು ನೋಡಿ. ಮೂವತ್ತಮೂರನೇ ಪುಟ.

ಕೊಕ್ಕೆ ಇದೆ. ಹಸಿರು.