ಗೇರ್‌ಬಾಕ್ಸಿನ ಹೊಸ ಆಯಿಲ್

ನೆಬ್ರಾಸ್ಕಾದ ಆ ಮೇವಿನಂಗಡಿಯ ಅಂಗಳದಲ್ಲಿ, ಹಿಂಡಿಯ ಮೂಟೆಗಳು ತನ್ನ ಗಾಡಿಗೆ ಏರುವುದನ್ನೇ ಕಾಯುತ್ತಾ ಕೂತಿದ್ದ ವರ್ನಾಳ ಕಿವಿಗೆ ಪಕ್ಕದ ಮಾತು ಬಿತ್ತು. ಮಾರಾಟಕ್ಕೆಂದು ಬೋರ್ಡು ಹಾಕಿದ್ದ ಹಳೆಯ ಪಿಕಪ್ಪಿನ ಮುಂದೆ ಅದರ ಒಡತಿ ಮಾರ್ಲಿಸ್ ನಿಂತಿದ್ದಳು. ಕೊಳ್ಳಲು ಬಂದ ಗಿಡ್ಡ ಯುವಕ ಬಾನೆಟ್ ಎತ್ತಿ, ಗೇರ್‌ಬಾಕ್ಸಿನ ಆಯಿಲ್ ನೋಡುವ ಕಡ್ಡಿ ಎಳೆದು ಮೂಸುತ್ತಿದ್ದ.

“ಒಂದೂವರೆ ಲಕ್ಷ ಮೈಲಿ ಓಡಿದೆ, ಆಯಿಲ್ ನೋಡಿದ್ರೆ ಕೆಂಪಗೆ ಹೊಸದು. ಗೇರ್ ಜಾರೋದನ್ನ ಮುಚ್ಚೋಕೆ ಹಾಕ್ಸಿದ್ರಾ ಅಮ್ಮಾ?”

“ಜಾರೋದಾ! ನಮ್ಮ ಯಜಮಾನ್ರು ಕೇಳಿಸ್ಕೊಂಡಿದ್ರೆ ಇಲ್ಲಿಂದ ನಿನ್ನ ಅಟ್ಟಿಬಿಡ್ತಿದ್ರು.”

“ಮತ್ಯಾಕೆ ಬದಲಾಯಿಸಿದ್ರು?”

“ಆಸ್ಪತ್ರೆಗೆ ಸೇರೋ ಹಿಂದಿನ ದಿನ ಗಾಡಿ ಅಡಿ ಮಲಗಿ ಬದಲಾಯಿಸಿದ್ರಪ್ಪಾ. ‘ನಾನು ಬರೋದು ತಡ ಆದ್ರೆ, ಚಳಿಗಾಲದಲ್ಲಿ ಇದು ನಿಂಗೆ ಕೈ ಕೊಡಬಾರ್ದು’ ಅಂದ್ರು. ಅವ್ರು ಬರ್ಲೇ ಇಲ್ಲ.”

“ಆಮೇಲೆ ನೀವು ಓಡಿಸಿದ್ರಾ?”

“ಇಲ್ಲ. ಆಸ್ಪತ್ರೆಗೆ ಅವರೇ ಓಡಿಸ್ಕೊಂಡು ಹೋದ್ರು. ಅಲ್ಲಿಂದ ತಂದಿದ್ದು, ಇಲ್ಲಿ ನಿಲ್ಸಿದ್ದು ನನ್ನ ಮೈದುನ. ಅವನೂ ಅವರಷ್ಟೇ ಎತ್ತರ.”

ಯುವಕ ಕಡ್ಡಿಯನ್ನು ಒರೆಸಿ ಒಳಗಿಳಿಸಿ, ಬಾನೆಟ್ ಮೆಲ್ಲಗೆ ಮುಚ್ಚಿದ.

“ಒಂದು ಸುತ್ತು ಓಡಿಸಿ ನೋಡ್ಲಾ?”

“ನಡಿ, ನಾನೂ ಬರ್ತೀನಿ.”

ಅವನು ಹತ್ತಿ ಕೂತು, ಸೀಟು ಮುಂದಕ್ಕೆಳೆಯಲು ಕೆಳಗೆ ಕೈ ಹಾಕಿದ.

“ಅದು... ಅವ್ರು ಕೂರ್ತಿದ್ದ ಹಾಗೇ ಇದೆ,” ಎಂದಳು ಪಕ್ಕದ ಸೀಟಿಗೆ ಹತ್ತಿದ ಮಾರ್ಲಿಸ್.

ಅವನು ಕೈ ತೆಗೆದ.

“ಇರ್ಲಿ ಬಿಡಿ ಅಮ್ಮಾ. ನಂಗೆ ಕಾಲು ಎಟುಕುತ್ತೆ.”

ಎಟುಕುತ್ತಿರಲಿಲ್ಲ. ಅವನು ಸೀಟಿನ ತುದಿಗೆ ಜರುಗಿ, ಸ್ಟಿಯರಿಂಗನ್ನು ತಬ್ಬಿಕೊಂಡಂತೆ ಕೂತು ಗಾಡಿಯನ್ನು ರಸ್ತೆಗಿಳಿಸುವುದನ್ನು ವರ್ನಾ ನೋಡಿದಳು. ಅವನ ಬೆನ್ನ ಹಿಂದೆ ಒಬ್ಬ ಮನುಷ್ಯ ಕೂರುವಷ್ಟು ಜಾಗ ಖಾಲಿ ಇತ್ತು.