ಮೊದಲ್ನೇ ಪ್ಲೇಟು ಸ್ವಾಮಿಗೆ

ಅಲ್ಲ ಕಣೋ, ಇಡ್ಲಿ ಗಾಡಿ ಆಮೇಲ್ ಬಂದಿದ್ದು, ಮೊದ್ಲು ಫ್ಯಾಕ್ಟರಿಗೆ ಬೀಗ ಬಿತ್ತು. ನಾಯಂಡಹಳ್ಳಿ ಹತ್ರ ಮೆಟ್ರೋ ಕಂಬ ಏಳ್ತಿದ್ವಲ್ಲ, ಆ ಕಾಲ. ನಾನು ಲೇತ್ ಮಿಷನ್ ಮುಂದೆ ಜೀವ ತೇದವ್ನು, ಒಂದಿನ ಟಿಫನ್ ಬಾಕ್ಸ್ ಹಿಡ್ಕೊಂಡ್ ಹೋದ್ರೆ ಗೇಟಿಗೆ ಬೀಗ, ಕೇಳೋಣ ಅಂದ್ರೆ ವಾಚ್‌ಮನ್ನೂ ಇಲ್ಲ. ನಿಮ್ಮಮ್ಮ ಆಗ ಪಿಯುಸಿ ಓದ್ತಿದ್ಲು. ಸಿಟ್ಟು ಅಂದ್ರೆ ಸಿಟ್ಟು ನಂಗೆ! ಮನೆಗ್ ಬಂದವ್ನೇ ದೇವರ ಮನೆ ಮುಂದೆ ನಿಂತೆ... ದೇವರ ಮನೆ ಎಲ್ಲಿಂದ ಬಂತು, ಮೂಡಲಪಾಳ್ಯದ ಒಂದೇ ರೂಮಿನ ಮನೇಲಿ ಗೋಡೆಗೆ ಹೊಡೆದಿದ್ದ ಹಲಗೆ ಅಷ್ಟೆ... ಅದ್ರ ಮುಂದೆ ನಿಂತು, 'ನೋಡಪ್ಪ ಮಾಗಡಿ ರಂಗಪ್ಪ, ನಮ್ಮನೆದೇವ್ರಾಗಿ ಹಿಂಗ್ ಮಾಡ್ಬಿಟ್ಟೆ, ಇವತ್ತಿಂದ ನಿಂಗೂ ನಂಗೂ ಮಾತಿಲ್ಲ' ಅಂದ್ಬಿಟ್ಟೆ. ನಿಮ್ಮಜ್ಜಿ ಅಲ್ಲೇ ಅಕ್ಕಿ ನೆನೆ ಹಾಕ್ತಿದ್ಲು. ಬೈತಾಳೆ ಅಂದ್ಕೊಂಡೆ. ತಲೆ ಕೂಡ ಎತ್ಲಿಲ್ಲ. 'ಆಯ್ತು, ನೀವು ಜಗಳ ಆಡ್ಕೊಳ್ಳಿ, ನಾನು ಇಡ್ಲಿ ಗಾಡಿ ಹಾಕ್ತೀನಿ' ಅಂದ್ಲು.

ಹಾಕೇ ಬಿಟ್ಲು! ನಾಯಂಡಹಳ್ಳಿ ವರ್ಕ್‌ಶಾಪ್‌ಗಳ ಸಾಲಿದೆಯಲ್ಲ, ಅಲ್ಲೇ. ಗಾಡಿ ತಳ್ಳೋದು, ಸ್ಟವ್ ಹಚ್ಚೋದು, ಪಾತ್ರೆ ತೊಳೆಯೋದು ನಂದು. ಮಿಕ್ಕಿದ್ದೆಲ್ಲ ಅವ್ಳದ್ದೇ ದರ್ಬಾರು. ಗಾಡಿ ಮೂಲೇಲಿ ರಂಗನಾಥ ಸ್ವಾಮಿದೊಂದು ಪುಟ್ಟ ಫೋಟೋ. ಮೊದಲ್ನೇ ಒಬ್ಬೆ ಇಳಿಸಿದ ತಕ್ಷಣ ಒಂದು ಪ್ಲೇಟ್ ಇಡ್ಲಿ ಚಟ್ನಿ ಅದ್ರ ಮುಂದಿಟ್ಟು, ಕರ್ಪೂರ ಹಚ್ಚಿ, ಕೈ ಮುಗಿದು, 'ಮೊದಲ್ನೇ ಪ್ಲೇಟು ಸ್ವಾಮಿಗೆ' ಅಂತ ಜೋರಾಗಿ ಹೇಳೋಳು. ಆಮೇಲೇ ಗಿರಾಕಿಗೆ. ನಾನು ಬೇಕು ಅಂತಾನೇ ಆ ಕಡೆ ತಿರ್ಗಿ ಸೌಟು ತೊಳೀತಿದ್ದೆ. ಜಂಬ ನೋಡಿ, ಹೊಟ್ಟೆಗಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು!

ಈಗ ಕೇಳಿ ತಮಾಷೆ. ಒಬ್ರು ಆಟೋದವ್ರು ಬರೋರು, ಹೆಸ್ರು ಪುಟ್ಟಸ್ವಾಮಿ, ಎಲ್ರೂ 'ಸ್ವಾಮಿ, ಸ್ವಾಮಿ' ಅನ್ನೋರು. ನಿಮ್ಮಜ್ಜಿ 'ಮೊದಲ್ನೇ ಪ್ಲೇಟು ಸ್ವಾಮಿಗೆ' ಅಂದಿದ್ದೇ ತಡ, 'ಬಂದೆ ಕಣಮ್ಮ' ಅಂತ ಬಂದು ಫೋಟೋ ಮುಂದಿನ ಪ್ಲೇಟ್ ಎತ್ಕೊಂಡು ತಿಂದೇ ಬಿಡೋದಾ! ನಂಗೆ ನಗು ತಡೆಯಕ್ಕಾಗ್ಲಿಲ್ಲ. ನಿಮ್ಮಜ್ಜಿ? 'ಇನ್ನೊಂದ್ಚೂರು ಚಟ್ನಿ ಹಾಕ್ಲಾಣ್ಣ?' ಅಂದ್ಲು. ಮಾರನೇ ದಿನವೂ ಅದೇ ಕತೆ. ದಿನಾ ಅದೇ ಕತೆ. 'ಏನೇ ಇದು, ದೇವ್ರ ಎಡೇನ ಆಟೋದವ್ರು ತಿಂತಾರೆ?' ಅಂದ್ರೆ, 'ಸ್ವಾಮಿ ಅಂತ ಕರೆದೆ, ಹಸ್ಕೊಂಡ್ ಬಂದ್ರು, ತಿಂದ್ರು. ಫೋಟೋದೋರು ಯಾವತ್ತಾದ್ರೂ ಚೆನ್ನಾಗಿದೆ ಅಂದಿದ್ರಾ?' ಅಂದ್ಲು. ನನ್ನ ಬಾಯಿ ಸುಮ್ನಿರುತ್ತಾ, ಒಂದಿನ ಹೇಳೇಬಿಟ್ಟೆ: 'ಸ್ವಾಮಿಯವ್ರೇ, ಅದು ನಿಮಗಲ್ಲ, ಆ ಫೋಟೋದಲ್ಲಿರೋ ಸ್ವಾಮಿಗೆ.' ಪಾಪ, ತಿಂತಿದ್ದ ಪ್ಲೇಟ್ ಹಂಗೇ ಕೆಳಗಿಟ್ಬಿಟ್ರು! ದೊಡ್ಡ ಮೀಸೆ ಮನುಷ್ಯ, ಕಣ್ಣಲ್ಲಿ ನೀರು. 'ನಾನು ದೇವಸ್ಥಾನದ ಮೆಟ್ಲೂ ಹತ್ತಿದವ್ನಲ್ಲ ಕಣಮ್ಮ, ಇಷ್ಟು ದಿನ ಅವ್ನ ತಟ್ಟೇಲಿ ತಿಂದ್ನಾ?' ಅಂದ್ರು. ನಿಮ್ಮಜ್ಜಿ, 'ಅವ್ನೇ ಕೊಟ್ಟ ಅಂದ್ಕೊಳ್ಳಿ ಅಣ್ಣ' ಅಂದ್ಲು. ಅಷ್ಟೇ ಹೇಳಿದ್ದು. ಮಾರನೇ ದಿನ ಆ ಮೀಸೆ ಒಂದು ಮೊಳ ಸೇವಂತಿಗೆ ಹೂವು ತಂತು ಫೋಟೋಗೆ. ಅವ್ರನ್ನ ನೋಡಿ ಗ್ಯಾರೇಜಿನವ್ರು, ವೆಲ್ಡಿಂಗ್ ಅಂಗಡಿಯವ್ರು, ಎಲ್ಲ ಕರ್ಪೂರ ಮುಗಿಯೋವರ್ಗೂ ಕಾಯೋಕೆ ಶುರು ಮಾಡಿದ್ರು. ನಾನು? ಸೌಟು ತೊಳೀತಿದ್ದೆ.

ಅಷ್ಟರಲ್ಲಿ ನಿಮ್ಮಜ್ಜಿಗೆ ಚಿಕುನ್‌ಗುನ್ಯ ಬಂತು ನೋಡಿ. ಮಂಡಿ ಹಿಡ್ಕೊಂಡು ಗೋಡೆ ಹಿಡಿದು ನಡೀತಾಳೆ. ಗಾಡಿ ನಿಂತ್ರೆ ಒಲೆ ನಿಂತಂಗೆ. ಭಯ ಆಗೋಯ್ತು ಕಣ್ರೋ ನಂಗೆ, ಸುಳ್ಳ್ಯಾಕೆ. 'ಹಿಟ್ಟು ಹುಳಿಯಾಗುತ್ತೆ, ನೀವೇ ಹೋಗಿ' ಅಂದ್ಲು. ದೇವ್ರ ಸುದ್ದಿ ಎತ್ಲೇ ಇಲ್ಲ. ಚಟ್ನೀನೂ ನಾನೇ ರುಬ್ಬಿದೆ. ಹೋದೆ. ಒಬ್ಬೆ ಇಳ್ಸಿದೆ, ಮೊದಲ್ನೇ ಪ್ಲೇಟ್ ಹಾಕಿ ನೆಟ್ಟಗೆ ಪುಟ್ಟಸ್ವಾಮಿ ಕೈಗೇ ಕೊಟ್ಟೆ. ಅವ್ರು ಕೈ ಹಿಂದಕ್ಕೆ ಎಳ್ಕೊಂಡ್ರು. 'ಬೇಡ ಸಾರ್. ಮೊದ್ಲು ಸ್ವಾಮಿಗೆ.' 'ಅಯ್ಯೋ, ಆರೋಗುತ್ತೆ ತಿನ್ರೀ!' 'ಆರ್ಲಿ ಸಾರ್.' ಹಿಂದಿದ್ದವ್ರಿಗೆ ಚಾಚಿದೆ, ಅವ್ರೂ ತಗೊಳ್ಲಿಲ್ಲ. 'ಅಮ್ಮಂಗೆ ಹುಷಾರಿಲ್ವಂತೆ, ಇವತ್ತಂತೂ ಇಡ್ಲೇಬೇಕು' ಅಂದ ಒಬ್ಬ. ಕೆಳಗೆ ನೋಡ್ತೀನಿ, ಆ ಗ್ರೀಸು, ಧೂಳು, ಮೈಸೂರು ರೋಡಿನ ಗಲಾಟೆ, ಅದ್ರ ಮಧ್ಯೆ ಅಷ್ಟೂ ಜನ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದಾರೆ. ಚಪ್ಪಲಿ ಹಾಕ್ಕೊಂಡಿರೋನು ನಾನೊಬ್ನೇ! ಆ ಸಿಟ್ಟೆಲ್ಲ ಎಲ್ಲಿಗೋಯ್ತೋ ಏನೋ. ಚಪ್ಪಲಿ ಬಿಟ್ಟೆ. ಪ್ಲೇಟ್ ಇಟ್ಟೆ. ಕರ್ಪೂರ ಹಚ್ಚೋಕೆ ಹೋದೆ, ಪುಟ್ಟಸ್ವಾಮೀನೇ ಗಾಳಿಗೆ ಕೈ ಅಡ್ಡ ಹಿಡಿದ್ರು. ಕೈ ತಾನಾಗೇ ಮುಗೀತು. 'ಅವ್ಳ ಮಂಡಿ ನೆಟ್ಟಗೆ ಮಾಡಪ್ಪ, ಕೆಲ್ಸ ಗಿಲ್ಸ ಆಮೇಲ್ ನೋಡ್ಕೊಳ್ಳೋಣ' ಅಂದೆ. ಅತ್ಬಿಟ್ಟೆ, ಹೌದು, ಅತ್ಬಿಟ್ಟೆ. ಅದ್ರಲ್ಲೇನು?

ಪಾತ್ರೆ ಪೂರ್ತಿ ಖಾಲಿ ಮಾಡ್ಕೊಂಡು ಮನೆಗ್ ಬಂದು ಎಲ್ಲ ಹೇಳಿದ್ರೆ, ನಿಮ್ಮಜ್ಜಿ ಮಲ್ಕೊಂಡೇ ಚಟ್ನಿ ಪಾತ್ರೆ ತಳ ನೆಕ್ಕಿ ನೋಡಿ, 'ರೀ, ಉಪ್ಪೇ ಹಾಕಿಲ್ವಲ್ರೀ!' ಅಂತ ಮಂಡಿ ನೋವು ಮರ್ತು ನಕ್ಕಿದ್ದೇ ನಕ್ಕಿದ್ದು. ಸಪ್ಪೆ ಚಟ್ನಿ ಕಣ್ರೋ! ಅಷ್ಟೂ ಜನ ಪ್ರಸಾದ ಅಂತ ಕಣ್ಣಿಗೊತ್ಕೊಂಡು ತಿಂದಿದ್ರು, ಒಬ್ಬನಾದ್ರೂ ತುಟಿ ಪಿಟಕ್ ಅಂದಿಲ್ಲ. ನಿಮ್ಮಜ್ಜಿ ಯಾರಿಗೂ ಬನ್ನಿ, ಕೈ ಮುಗೀರಿ ಅಂದೋಳಲ್ಲ. ಭಕ್ತಿ ಅನ್ನೋದು ಒಗ್ಗರಣೆ ಇದ್ದಂಗೆ ಕಣ್ರೋ, ಒಬ್ರು ಮನೇಲಿ ಸರಿಯಾಗಿ ಹಾಕಿದ್ರೆ ಸಾಕು, ಬೀದೀಲಿ ಹೋಗೋರಿಗೂ ಹಸಿವಾಗುತ್ತೆ. ಹೂಂ, ಏಳಿ, ಕೈ ತೊಳ್ಕೊಳ್ಳಿ.