ಗುಜರಿಗೆ ಹೋದ ಸ್ಕೂಟರ್

ಹತ್ರ ಬನ್ನಿ, ಜೋರಾಗಿ ಹೇಳೂ ಕತೆ ಅಲ್ಲ ಇದು... ಅವರ್ಸಾದ ದೇವಾನಂದನಿಗೆ ಆದದ್ದು. ನನ್ನ ಭಾವನ ಮನೆಯಿಂದ ಎರಡೇ ಮನೆ ಆಚೆ.

ಅವತ್ತು ಅಂಕೋಲೆಯ ಗುಜರಿ ಅಂಗಡಿಗೆ ತನ್ನ ಹಳೇ ಸ್ಕೂಟರ್ ಕೊಟ್ಟು, ಕಡೇ ಬಸ್ಸಿಗೆ ಬಂದಿಳಿದ. ತಮ್ಮ ಸತೀಶ ಬ್ಯಾಟರಿ ದೀಪ ಹಿಡ್ಕೊಂಡು ಹೈವೇವರೆಗೆ ಬಂದಿದ್ದ. ಇಬ್ಬರೂ ಮನೆ ಕಡೆ ನಡೀತಿದ್ರು.

ಇಪ್ಪತ್ತೆರಡು ವರ್ಷದ ಸ್ಕೂಟರ್ ಅದು. ದೇವಾನಂದ ಅದನ್ನ ‘ಹೆಣ್ಣೆ’ ಅಂತ ಕರೀತಿದ್ದ. ಮಳೆ ಬಂದ್ರೆ ಅದಕ್ಕೆ ಥಂಡಿ ಆಗ್ತದೆ ಅಂತ ಹೆಂಡತಿ ನಂದಿನಿಯ ಹಳೇ ಸೀರೆ ಹೊದಿಸ್ತಿದ್ದ. ನಂದಿನಿ ನಗ್ತಾ ಅದಕ್ಕೆ ನನ್ನ ಸವತಿ ಅಂತಿದ್ಲು. ಹಬ್ಬಕ್ಕೆ ಸವತಿ ಹಣೆಗೂ ಕುಂಕುಮ ಹಚ್ಚಿ, ಅದರ ಹಿಂದಿನ ಸೀಟಲ್ಲಿ ಕೂತು ಕಾರವಾರ ಪೇಟೆಗೆ ಹೋಗ್ತಿದ್ಲು.

ಹೋದ ವರ್ಷ ನಂದಿನಿ ತೀರ್ಕೊಂಡ್ಲು. ಮಸಣದಲ್ಲಿ ದೇವಾನಂದ ‘ಹೋಗಿ ಬಾ’ ಅನ್ನೂಕೆ ಬಾಯಿ ತೆರೆದ... ಹಿರಿಯರು ಅಡ್ಡ ಕೈ ಇಟ್ರು. ಸತ್ತವರಿಗೆ ‘ಬಾ’ ಅನ್ಬಾರ್ದಲ್ಲ, ತಿರುಗಿ ಬಂದ್ಬಿಡ್ತಾರೆ. ಆಮೇಲೆ ಸ್ಕೂಟರ್ ಹತ್ತಿದ್ರೆ ಬೆನ್ನ ಹಿಂದೆ ಭಾರವೇ ಇಲ್ಲ. ತಡೀಲಿಕ್ಕೆ ಆಗ್ದೆ ಮಾರಿಬಿಟ್ಟ. ಅಂಗಡಿಯಲ್ಲಿ ಅವನ ಕಣ್ಣೆದುರೇ ಎಂಜಿನ್ ಕಿತ್ತು ಮೂಲೆಗೆ ಹಾಕಿದ್ರು. ಹೊರಡುವಾಗ ಅದರ ಲೈಟು ಸವರಿ, ರೂಢಿಯಲ್ಲಿ, “ಹೋಗಿ ಬಾ ಹೆಣ್ಣೆ” ಅಂದುಬಿಟ್ಟ.

ಆ ರಾತ್ರಿ ಅಣ್ಣ-ತಮ್ಮ ನಡೀತಾ ಬಾವಿಕಟ್ಟೆ ಹತ್ರ ಬಂದ್ರು...

ಹಿಂದಿಂದ ‘ಕಟಕ್’.

ನಿಂತ್ರು.

‘ಕಟಕ್... ಕಟಕ್...’ ಕಿಕ್ ಹೊಡೆಯೂ ಶಬ್ದ. ಆಮೇಲೆ ‘ಡುರ್ರ್... ಡುಗುಡುಗು...’ ನಡುನಡುವೆ ಅವರ ಸ್ಕೂಟರಿನದ್ದೇ ತೂತಾದ ಸೈಲೆನ್ಸರಿನ ‘ಸುಯ್ಯ್’. ಕಟ್ಟೆ ಮೇಲಿದ್ದ ಮೂರು ನಾಯಿ ಬಾಲ ಮುದುಡಿದ್ವು. ಒಂದಕ್ಕೆ ಇವತ್ತಿಗೂ ಬೊಗಳೂಕೆ ಬರೂದಿಲ್ಲ.

ಸತೀಶ ಬ್ಯಾಟರಿ ಬೆಳಕು ಬಿಟ್ಟ. ದಾರಿ ಖಾಲಿ. ಶಬ್ದ ಮಾತ್ರ ಅವರ ಪಕ್ಕದಲ್ಲೇ ಹಾದು, ಅವರ ಅಂಗಳಕ್ಕೇ ತಿರುಗಿ, ‘ಠಣ್’ ಅಂತ ಸ್ಟಾಂಡ್ ಹಾಕಿ ನಿಂತಿತು.

“ಅಣ್ಣಾ...” ಸತೀಶ ಪಿಸುಗುಟ್ಟಿದ. “ಎಂತ ಹೇಳಿ ಬಂದೆ ಅದಕ್ಕೆ?”

“ಹೋಗಿ ಬಾ ಅಂದೆ.”

“ಮಾರಾಯಾ... ಬರ್ಬೇಡ ಅಂತ ಈಗ್ಲೇ ಹೇಳು.”

“ತಡಿಯೋ. ಹಿಂದಿನ ಸೀಟಿಂದ ಯಾರಾದ್ರೂ ಇಳೀತಾರಾ ನೋಡ್ವ.”

ಕಾದ್ರು... ಬಳೆ ಸದ್ದಿಲ್ಲ. ಸೀರೆ ಸರಬರ ಇಲ್ಲ. ಯಾರೂ ಇಳೀಲಿಲ್ಲ.

ಅಂದಿಂದ ದಿನಾ ರಾತ್ರಿ ಬರ್ತದೆ. ಅದೊಂದೇ ಬರ್ತದೆ. ಸತೀಶನ ಹೆಂಡತಿ ದೀಪಾಲಿ ಹೆದರಿ, ಗಂಡನ್ನ ಕರ್ಕೊಂಡು ಹಾರವಾಡದ ತವರಿಗೆ ಹೋದ್ಲು. ಹೋಗೂ ಮೊದ್ಲು ಭಾವ ದೇವಾನಂದನ ಕಾಲು ಹಿಡಿದು, ಬರ್ಬೇಡ ಅಂತ ಒಂದು ಮಾತು ಅಂದ್ಬಿಡಿ ಅಂತ ಅತ್ಲು. ದೇವಾನಂದನ ಬಾಯಿಂದ ಅದು ಹೊರಡಲೇ ಇಲ್ಲ.

“ಅದೂ ಬರೂದು ನಿಂತ್ರೆ ನಾ ಯಾರಿಗೆ ಕಾಯ್ಲಿ?” ಅಂದ.

ಈಗ ಸಂಜೆ ಆದ್ರೆ ಅಂಗಳಕ್ಕೆ ಸಮುದ್ರದಂಡೆಯ ಹೊಯ್ಗೆ ತಂದು ಹರಡಿ, ಕೈಯಲ್ಲೇ ಸಪಾಟು ಮಾಡ್ತಾನೆ. ಇಳಿದವಳ ಹೆಜ್ಜೆ ಬಿದ್ರೆ ಕಾಣ್ಲಿ ಅಂತ.

ಸುಳ್ಳಂತೀರಾ? ಹೋದ ಸೋಮವಾರ ಬೆಳಿಗ್ಗೆ ನಾನೇ ಕುಕ್ಕರಗಾಲಲ್ಲಿ ಕೂತು ನೋಡಿದ್ದೇನೆ... ಗಾಲಿ ಗುರುತು. ಸ್ಟಾಂಡಿನ ಎರಡು ಗುಳಿ. ಒಂದು ತೊಟ್ಟು ಎಣ್ಣೆ. ಬೆರಳಿಟ್ಟೆ, ಇನ್ನೂ ಬಿಸಿ ಇತ್ತು. ಸುಳ್ಳಾದ್ರೆ ಈ ಬೀಡಿಯೇ ನನ್ನ ಕಡೇ ಬೀಡಿ ಆಗ್ಲಿ.

ಸುತ್ತ ಹೊಯ್ಗೆ ಹಾಗೇ ಸಪಾಟು ಇತ್ತು... ಒಂದು ಹೆಜ್ಜೆ ಇಲ್ಲ.